ಕೊರಳೂರಿನವರು ಸಮುದ್ರವನ್ನು ಒಳಗೆ ಕರೆದದ್ದು

ಕೇಳಿ, ಎಲ್ಲರೂ ಸುಮ್ಮನಾಗಿ ಕೇಳಿ. ಗಂಭೀರವಾದ ಸುದ್ದಿಯಿದೆ. ಕೊರಳೂರಿನ ದುಗ್ಗಪ್ಪ ಗೌಡರ ಎಡಗಾಲಿನ ಚಪ್ಪಲಿ ಒದ್ದೆಯಾಗಿದೆ.

ಬಲಗಾಲಿನದು ಒಣಗಿಯೇ ಇದೆ. ಅದರ ಬಗ್ಗೆ ಯಾರೂ ಆತಂಕಪಡಬೇಕಾಗಿಲ್ಲ. ಆದರೆ ಎಡಗಾಲಿನದು ಹೆಬ್ಬೆರಳಿನಿಂದ ಹಿಮ್ಮಡಿಯವರೆಗೆ ಒದ್ದೆ. ಮಳೆ ಬಂದಿರಲಿಲ್ಲ. ಯಾರೂ ಬಿಂದಿಗೆ ಚೆಲ್ಲಿರಲಿಲ್ಲ. ನಾಯಿ ಆ ಕಡೆ ಸುಳಿದಿರಲಿಲ್ಲ. ಒಬ್ಬರು ಚಪ್ಪಲಿಯನ್ನು ನೆಕ್ಕಿ ನೋಡಿ, ಉಪ್ಪು ಹೌದು ಎಂದು ಖಚಿತಪಡಿಸಿದರು. ತಮ್ಮ ಹೆಸರು ಹೇಳಬಾರದೆಂದು ಅವರೇ ಕೇಳಿಕೊಂಡಿದ್ದಾರೆ. ಒಟ್ಟಿನಲ್ಲಿ, ಒದ್ದೆ ಮಾಡಿದ್ದು ಸಮುದ್ರ.

ಇದು ಯಾವ ಕಾಲದ ಮಾತು? ಬೆಟ್ಟಗಳಿಗೆ ಇನ್ನೂ ಹೆಸರಿಟ್ಟಿರದ ಕಾಲದ ಮಾತು. ಯಾವ ದೇಶ? ನಡೆದು ಹೋದರೆ ಸಿಗುವುದಿಲ್ಲ, ದೋಣಿಯಲ್ಲಿ ಹೋದರೆ ಗೊತ್ತಾಗದೆ ದಾಟಿಬಿಡುತ್ತೀರಿ, ಅಂಥ ದೇಶ. ಅಲ್ಲಿ ಒಂದು ಸಮುದ್ರ. ಸಮುದ್ರಕ್ಕೊಂದು ದಂಡೆ. ದಂಡೆಯ ಮೇಲೆ ಮೂರು ಊರು.

ಮೊದಲನೆಯದು ಹರವಿನೂರು. ಏಳು ಹರದಾರಿ ಉದ್ದದ ಮರಳು, ತಡೆಯಿಲ್ಲ, ತಿರುವಿಲ್ಲ. ಎರಡನೆಯದು ಬಾಗಿಲೂರು. ಅದು ದೊಡ್ಡ ಹಿನ್ನೀರಿನ ಸುತ್ತ ಕುಳಿತ ಊರು. ಹಿನ್ನೀರಿಗೂ ಸಮುದ್ರಕ್ಕೂ ನಡುವೆ ಒಂದು ಎತ್ತಿನ ಗಾಡಿ ಹಿಡಿಸುವಷ್ಟೇ ಬಾಯಿ. ಮೂರನೆಯದು ನಮ್ಮ ಕೊರಳೂರು. ಎರಡು ಗುಡ್ಡಗಳ ನಡುವೆ ಸಮುದ್ರ ಒಳಗೆ ಬಂದಿದೆ. ಹೊರಗೆ ಅಗಲ, ಒಳಗೆ ಬಂದಂತೆ ಇಕ್ಕಟ್ಟು, ಎಣ್ಣೆ ಹೊಯ್ಯುವ ಲಾಳಿಕೆಯ ಹಾಗೆ. ಲಾಳಿಕೆಯ ತುದಿಯಲ್ಲಿ ಕಲ್ಲಿನ ಮೆಟ್ಟಿಲು, ಒಟ್ಟು ನಲವತ್ತು. ಮೆಟ್ಟಿಲ ಎರಡೂ ಪಕ್ಕ ಮನೆಗಳು, ಒಂದರ ಮೈಗೆ ಒಂದು ಒರಗಿ ಮೇಲಕ್ಕೆ ಹತ್ತಿದ್ದವು. ನಲವತ್ತನೆಯ ಮೆಟ್ಟಿಲು ಮುಗಿದ ಕಡೆ ಬಾವಿ.

ಬಾವಿಯ ವಿಷಯವನ್ನು ಮಾತ್ರ ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ. ಊರಿಗೆಲ್ಲ ಸಿಹಿನೀರಿನ ಬಾವಿ ಅದೊಂದೇ. ಗುಡ್ಡ ಅಗೆದರೆ ಕಲ್ಲು, ತಗ್ಗು ಅಗೆದರೆ ಉಪ್ಪು. ಆ ಬಾವಿಗೆ ಉಪ್ಪು ಬಿದ್ದರೆ ಕೊರಳೂರು ಪಾತ್ರೆ ಪಡಗ ಹೊತ್ತುಕೊಂಡು ಎದ್ದು ಹೋಗಬೇಕು. ಹೋಗುವುದೆಲ್ಲಿಗೆ? ಅದು ಯಾರಿಗೂ ಗೊತ್ತಿರಲಿಲ್ಲ.

ಆ ಕಾಲದಲ್ಲಿ ಸಮುದ್ರ ಮೂರೂ ಊರಿನಲ್ಲಿ ಒಂದೇ ಅಳತೆಗೆ ಏರುತ್ತಿತ್ತು. ದಿನಕ್ಕೆ ಎರಡು ಸಲ, ಮೊಣಕಾಲುದ್ದ. ಅದು ಮೇಲಿರುವ ಚಂದ್ರಪ್ಪನ ಅಪ್ಪಣೆ. ಯಾರಿಗೂ ಹೆಚ್ಚಿಲ್ಲ, ಯಾರಿಗೂ ಕಡಿಮೆಯಿಲ್ಲ. ಸಮುದ್ರ ಬರುತ್ತಿದ್ದಳು, ಮೊದಲ ಮೆಟ್ಟಿಲಿಗಿಂತ ಒಂದು ಗೇಣು ಕೆಳಗೆ ನಿಲ್ಲುತ್ತಿದ್ದಳು, ನಾಲ್ಕು ಮೀನು ಬಿಟ್ಟು ಹಿಂದೆ ಹೋಗುತ್ತಿದ್ದಳು. ಬಹಳ ಸಂಕೋಚದ ಸ್ವಭಾವ.

ಏನಂದಿರಿ? ಸಮುದ್ರ ಗಂಡಲ್ಲವೇ ಎಂದಿರಾ? ಇರಬಹುದು. ಕೊರಳೂರಿನವರು ಕೇಳಿ ನೋಡಿರಲಿಲ್ಲ. ಮನೆಯ ಮುಂದೆ ಬಂದು ಒಳಗೆ ಬಾರದೆ ನಿಂತವಳು ಹೆಣ್ಣೇ ಇರಬೇಕು ಎಂದುಕೊಂಡಿದ್ದರು.

ಈಗ ಕೊರಳೂರಿನವರ ಕಾಯಿಲೆಯ ಬಗ್ಗೆ ಹೇಳಬೇಕು. ಅವರಿಗಿದ್ದ ಕಾಯಿಲೆ ಉಪಚಾರ. ಆ ಊರಿಗೆ ಬಂದವರು ಉಣ್ಣದೆ ಹೋಗುವಂತಿರಲಿಲ್ಲ. ಬೇಡ ಎಂದರೆ? ಅದಕ್ಕೂ ನಿಯಮವಿತ್ತು. ಮೊದಲನೆಯ ಬೇಡ ನಾಚಿಕೆಯದು. ಎರಡನೆಯ ಬೇಡ ಮರ್ಯಾದೆಯದು. ಮೂರನೆಯ ಬೇಡ ಹಸಿವಿನದು. ನಾಲ್ಕನೆಯದನ್ನು ಹೇಳಲು ಬಾಯಿ ಖಾಲಿ ಇರುತ್ತಿರಲಿಲ್ಲ. ಒಮ್ಮೆ ಒಬ್ಬ ಬಳೆಗಾರ ದಾರಿ ಕೇಳಲೆಂದು ಬಂದ. ಮೊದಲ ದಿನ ಮೇಲಿನ ಮನೆಯಲ್ಲಿ ಉಂಡ, ಎರಡನೆಯ ದಿನ ನಡುವಿನ ಮನೆಯಲ್ಲಿ ಉಂಡ, ಮೂರನೆಯ ದಿನ ಕೆಳಗಿನ ಮನೆಯಲ್ಲಿ ಉಂಡ. ನಾಲ್ಕನೆಯ ದಿನ ದಾರಿ ಹೇಳಿದರು. ಅಷ್ಟರಲ್ಲಿ ಅವನಿಗೆ ಎಲ್ಲಿಗೆ ಹೋಗಬೇಕಾಗಿತ್ತೆಂಬುದೇ ಮರೆತಿತ್ತು. ಅಲ್ಲೇ ಮದುವೆಯಾದ.

ಈ ಕಾಯಿಲೆ ಎಲ್ಲರಿಗಿಂತ ಹೆಚ್ಚಾಗಿ ಇದ್ದದ್ದು ದುಗ್ಗಪ್ಪ ಗೌಡರ ಹೆಂಡತಿ ಬೀರಕ್ಕನಿಗೆ. ಅವರ ಮನೆ ಮೊದಲನೆಯ ಮೆಟ್ಟಿಲಿನ ಪಕ್ಕ. ದಿನಕ್ಕೆ ಎರಡು ಸಲ ಸಮುದ್ರ ಬಂದು ಎದುರಿಗೆ ನಿಂತು, ಬಾಯಿಗೆ ಹನಿ ನೀರೂ ಇಲ್ಲದೆ ಹಿಂದೆ ಹೋಗುವುದನ್ನು ಬೀರಕ್ಕ ಎಷ್ಟು ವರ್ಷ ನೋಡಬೇಕು? ಒಂದು ದಿನ ತಡೆಯಲಾರದೆ ಒಂದು ಚೊಂಬು ನೀರು, ಒಂದು ತುಂಡು ಬೆಲ್ಲ ಹಿಡಿದು ಹೊರಗೆ ಬಂದಳು.

"ಬಾರೇ ಮಗಳೇ ಮೇಲೆ. ಬಾಯಾರಿಕೆಗೆ ಕುಡಿದು ಹೋಗು."

ಬೀರಕ್ಕನಿಗೆ ಅರವತ್ತು. ಸಮುದ್ರದ ವಯಸ್ಸು ಯಾರಿಗೂ ಗೊತ್ತಿಲ್ಲ. ಆದರೂ ಕೊರಳೂರಿನಲ್ಲಿ ಸೌಟು ಯಾರ ಕೈಯಲ್ಲಿದೆಯೋ ಅವರೇ ಹಿರಿಯರು.

ಸಮುದ್ರ ಹೇಳಿದಳು, "ಬೇಡ ದೊಡ್ಡಮ್ಮ. ನನಗೆ ಮೊಣಕಾಲುದ್ದ ಎಂದು ಅಪ್ಪಣೆಯಾಗಿದೆ."

"ಅಪ್ಪಣೆ ಮಾಡಿದವನು ಮೇಲಿದ್ದಾನೆ, ಬೆಲ್ಲ ಇಲ್ಲಿದೆ. ಬಾ."

"ಬೇಡ ದೊಡ್ಡಮ್ಮ, ನಿಮ್ಮ ಮೆಟ್ಟಿಲು ಒದ್ದೆಯಾಗುತ್ತದೆ."

"ನಾಳೆ ಹೇಗೂ ತೊಳೆಯಬೇಕು. ಬಾ."

"ಬೇಡ ದೊಡ್ಡಮ್ಮ..."

ಮೂರು ಆಯಿತು. ಮೂರು ಬೇಡ ಎಂದರೆ ಏನೆಂದು ನಿಮಗೆ ಗೊತ್ತೇ ಇದೆ. ಬೀರಕ್ಕ ಕೈಹಿಡಿದು ಎಳೆದಳು. ಸಮುದ್ರ ಮೊದಲ ಮೆಟ್ಟಿಲು ಹತ್ತಿ ಬೆಲ್ಲ ಬಾಯಿಗೆ ಹಾಕಿಕೊಂಡಳು. ಗೌಡರ ಎಡಗಾಲಿನ ಚಪ್ಪಲಿ ಬಿಟ್ಟಿದ್ದು ಅದೇ ಮೆಟ್ಟಿಲಿನ ಮೇಲೆ.

ಅರ್ಧ ಗಳಿಗೆಯಲ್ಲಿ ಊರು ಸೇರಿತು. ಚಪ್ಪಲಿಯನ್ನು ಬಾವಿಕಟ್ಟೆಯ ಪಕ್ಕ ಎಲ್ಲರಿಗೂ ಕಾಣುವಂತೆ ಇಟ್ಟರು. ದುಗ್ಗಪ್ಪ ಗೌಡರು ಎದ್ದು ನಿಂತರು. ಗೌಡರು ಮಾತು ಶುರು ಮಾಡುವ ಮೊದಲು ಮೂರು ಸಲ ಕೆಮ್ಮುತ್ತಾರೆ. ಕೆಮ್ಮಿದರು.

"ಆದದ್ದು ತಪ್ಪು," ಎಂದರು.

"ತಪ್ಪು, ತಪ್ಪು," ಎಂದಿತು ಊರು.

"ದೊಡ್ಡ ತಪ್ಪು. ಮನೆಗೆ ಬಂದವಳನ್ನು ಮೆಟ್ಟಿಲ ಮೇಲೆ, ಚಪ್ಪಲಿಯ ಪಕ್ಕ ಕೂರಿಸಿ ಬೆಲ್ಲ ಕೊಟ್ಟಿದ್ದೀರಿ. ನಾಳೆ ಬಾಗಿಲೂರಿನವರು ಕೇಳಿದರೆ ನಾನು ಮುಖ ಎಲ್ಲಿ ಇಟ್ಟುಕೊಳ್ಳಲಿ? ಕರೆದ ಮೇಲೆ ನೆಟ್ಟಗೆ ಒಳಗೆ ಕರೆಯಬೇಕು!"

ಇದು ಅವರ ತೀರ್ಮಾನ. ನೀವು ನಗಬೇಡಿ. ಊರಿನಲ್ಲಿ ಒಬ್ಬರೂ ನಗಲಿಲ್ಲ.

ಮರುದಿನದಿಂದ ಕೆಲಸ ಶುರುವಾಯಿತು. ಸಮುದ್ರ ಬಂದಳು. ಮೆಟ್ಟಿಲ ಎಡಪಕ್ಕದ ಮನೆಯವರು "ನಮ್ಮಲ್ಲಿಗೆ ಬಾ" ಎಂದು ಎಳೆದರು. ಬಲಪಕ್ಕದವರು "ಅವರಲ್ಲಿಗೆ ಹೋಗಿ ನಮ್ಮಲ್ಲಿಗೆ ಬಾರದಿದ್ದರೆ ಹೇಗೆ?" ಎಂದು ಎಳೆದರು. ಪಾಪ, ಸಮುದ್ರ ಎಲ್ಲಿಗೆ ಹೋಗಬೇಕು? ಆ ಕಡೆ ಜಾಗವಿಲ್ಲ, ಈ ಕಡೆ ಜಾಗವಿಲ್ಲ. ಇದ್ದದ್ದು ಮೇಲಕ್ಕೆ ಮಾತ್ರ. ಗಂಜಿ ಉಂಡು ಹತ್ತನೆಯ ಮೆಟ್ಟಿಲಿಗೆ ಬಂದಳು. ಮಾರನೆಯ ದಿನ ಕಡುಬು ತಿಂದು ಇಪ್ಪತ್ತನೆಯದಕ್ಕೆ ಬಂದಳು. ಅದರ ಮಾರನೆಯ ದಿನ ಪಾಯಸ ಕುಡಿದು ಮೂವತ್ತನೆಯದಕ್ಕೆ ಬಂದಳು. ಪ್ರತಿ ಸಲ ಬೇಡ ಎಂದಳು, ಪ್ರತಿ ಸಲ ಬಡಿಸಿದರು. ನೀರು ನುಗ್ಗಿದ ಮನೆಗಳವರು ಸಾಮಾನುಗಳನ್ನು ಅಟ್ಟಕ್ಕೆ ಏರಿಸಿ, ತಾವು ಹುಲ್ಲು ಹೊದಿಸಿದ ಮಾಡಿಗೆ ಏರಿ, ಅಲ್ಲಿಂದಲೇ ಬಡಿಸಿದರು. ಒಬ್ಬರಾದರೂ ಬೇಸರಪಟ್ಟುಕೊಂಡರೇ? ಇಲ್ಲ. ಮನೆ ತುಂಬ ನೆಂಟರಿದ್ದರೆ ಇಷ್ಟು ಇಕ್ಕಟ್ಟಾಗುವುದು ಸಹಜ ಎಂದುಕೊಂಡರು.

ಮೂವತ್ತನೆಯ ಮೆಟ್ಟಿಲಿನಲ್ಲಿ ಪಾಯಸದ ಪಾತ್ರೆ ಹಿಡಿದು ನಿಂತಿದ್ದ ಬೀರಕ್ಕ, ಇನ್ನೊಂದು ಸೌಟಿಗೆ ತುಪ್ಪ ತರಲು ಹಿಂದೆ ತಿರುಗಿದಳು. ತಿರುಗಿದವಳಿಗೆ ಬಾವಿ ಕಂಡಿತು. ಹತ್ತೇ ಮೆಟ್ಟಿಲಿನ ಆಚೆ ಇತ್ತು. ಅದರ ಕಟ್ಟೆ ಬೆವೆತಿತ್ತು.

ಬೀರಕ್ಕನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಆ ಊರಿನ ಚರಿತ್ರೆಯಲ್ಲಿ ಸೌಟು ನಿಂತದ್ದು ಅದೇ ಮೊದಲು.

"ಗೌಡರೇ," ಎಂದು ಗಂಡನನ್ನು ಕೂಗಿದಳು, "ಇವಳನ್ನು ಇನ್ನು ಕರೆಯಬಾರದು. ಕರೆದರೆ ಬಾವಿಗೆ ಇಳಿಯುತ್ತಾಳೆ."

"ಕರೆಯುವುದು ಬೇಡ. ಬೇಡ ಎಂದು ಹೇಳಿಬಿಟ್ಟರಾಯಿತು. ನಾನೇ ಹೇಳುತ್ತೇನೆ," ಎಂದರು ಗೌಡರು.

ಹೇಳಿದರು. ಮರುದಿನದ ಉಬ್ಬರಕ್ಕೆ ಮೂವತ್ತನೆಯ ಮೆಟ್ಟಿಲಿನಲ್ಲಿ ಎದೆ ಸೆಟೆಸಿ ನಿಂತು, ಮೂರು ಸಲ ಕೆಮ್ಮಿ ಹೇಳಿದರು, "ಇವತ್ತು ಬರುವುದು ಬೇಡ ತಾಯಿ. ಮನೆಯಲ್ಲಿ ಏನೂ ಮಾಡಿಲ್ಲ."

ಸಮುದ್ರ ಬಾಯಿ ತುಂಬ ನಕ್ಕಳು. "ಅಯ್ಯೋ ಗೌಡರೇ, ನನ್ನ ಹತ್ತಿರ ಎಂಥ ನಾಚಿಕೆ! ಮನೆಯವಳಿಗೆ ವಿಶೇಷ ಏನು ಮಾಡಬೇಕು?" ಎಂದು ಒಂದು ಮೆಟ್ಟಿಲು ಹತ್ತಿದಳು.

"ಬೇಡ ಎಂದೆನಲ್ಲ!"

"ಎಷ್ಟು ಮರ್ಯಾದೆ ನೋಡಿ ಇವರದು," ಎಂದು ಇನ್ನೊಂದು ಹತ್ತಿದಳು.

"ಬೇಡವೇ ಬೇಡ!"

"ಹಸಿದುಕೊಂಡಿದ್ದೀರೇನೋ. ಇರಿ, ಮೀನು ತಂದಿದ್ದೇನೆ," ಎಂದು ಮೂರನೆಯದನ್ನೂ ಹತ್ತಿದಳು.

ನೋಡಿದಿರಾ? ಹುಡುಗಿ ಜಾಣೆ. ಊರಿನ ಪದ್ಧತಿಯನ್ನು ಪೂರ್ತಿ ಕಲಿತಿದ್ದಳು. ಬೇಡ ಎಂದರೆ ನಿಲ್ಲಬೇಕೆಂದು ಅವಳಿಗೆ ಆ ಊರಿನಲ್ಲಿ ಯಾರೂ ಕಲಿಸಿರಲಿಲ್ಲ. ಗೌಡರ ಬಾಯಿಂದ ನಾಲ್ಕನೆಯ ಬೇಡ ಹೊರಡುವ ಮೊದಲು ಬೀರಕ್ಕ ಓಡಿಬಂದು ಅವರ ಬಾಯಿ ಮುಚ್ಚಿದಳು.

ನೀರು ಮೂವತ್ತಮೂರಕ್ಕೆ ಬಂತು. ಬಾವಿಗೆ ಉಳಿದದ್ದು ಏಳು ಮೆಟ್ಟಿಲು.

ಎರಡನೆಯ ಉಪಾಯ ಊರಿನದೇ. ಮನೆಯಲ್ಲಿ ಯಾರೂ ಇಲ್ಲ ಎಂದು ತೋರಿಸುವುದು. ಬಾಗಿಲು ಹಾಕಿದರು, ಒಲೆ ಆರಿಸಿದರು, ಕೋಳಿಗಳನ್ನು ಬುಟ್ಟಿಯಲ್ಲಿ ಮುಚ್ಚಿದರು. ಇಡೀ ಊರು ಅಟ್ಟದ ಮೇಲೆ, ಮಾಡಿನ ಮೇಲೆ ಉಸಿರು ಬಿಗಿಹಿಡಿದು ಕುಳಿತಿತು. ಸಮುದ್ರ ಬಂದಳು.

"ದೊಡ್ಡಮ್ಮಾ, ಮನೆಯಲ್ಲಿದ್ದೀರಾ?"

ಮಾತಿಲ್ಲ.

"ಗೌಡರೇ, ಇದ್ದೀರಾ?"

ಮಾತಿಲ್ಲ.

"ಯಾರೂ ಇಲ್ಲವಾ?"

"ಯಾರೂ ಇಲ್ಲ," ಎಂದರು ಗೌಡರು ಅಟ್ಟದಿಂದ.

ಅವರನ್ನು ಬೈಯಬೇಡಿ. ಬಾಗಿಲಲ್ಲಿ ಬಂದು ಕೇಳಿದವರಿಗೆ ಉತ್ತರ ಕೊಡದೆ ಕೂರುವುದು ಆ ಊರಿನ ಗೌಡನಿಂದ ಆಗುವ ಕೆಲಸವಲ್ಲ. ಹಾಗೆ ನೋಡಿದರೆ ಉತ್ತರ ಕೊಡದಿದ್ದರೂ ಪ್ರಯೋಜನವಿರಲಿಲ್ಲ. ಕೊರಳೂರಿನಲ್ಲಿ ಮನೆಯವರು ಇಲ್ಲದಿದ್ದರೆ ನೆಂಟರು ಹಿತ್ತಲ ಬಾಗಿಲಿನಿಂದ ಒಳಗೆ ಬಂದು ಕುಳಿತು ಕಾಯುತ್ತಾರೆ. ಸಮುದ್ರವೂ ಹಾಗೆಯೇ ಮಾಡಿದಳು. ಎರಡೂ ಪಕ್ಕದ ಹಿತ್ತಲುಗಳಿಂದ ಸುತ್ತಿ ಬಂದು, ಕಾಯುತ್ತ ಕಾಯುತ್ತ ಮೂವತ್ತೇಳನೆಯ ಮೆಟ್ಟಿಲಿನಲ್ಲಿ ಕಾಲು ಚಾಚಿ ಕುಳಿತಳು. ಹೊರಡುವಾಗ ಅಟ್ಟದ ಕಡೆ ತಿರುಗಿ, "ನಾಳೆ ಬೇಗ ಬರುತ್ತೇನೆ" ಎಂದು ಹೇಳಿ ಹೋದಳು.

ಮೂರನೆಯ ಉಪಾಯ ಚಂದ್ರಪ್ಪನಿಗೆ ದೂರು. ಅಷ್ಟಮಿಯ ಮರುದಿನ ಮಧ್ಯಾಹ್ನ, ಚಂದ್ರಪ್ಪ ಮೂಡಣದಲ್ಲಿ ಬಿಳಿಚಿಕೊಂಡು ಆಗತಾನೇ ಕೆಲಸಕ್ಕೆ ಹತ್ತಿದ್ದ. ಗೌಡರು ಗುಡ್ಡದ ತುದಿಗೆ ಹೋಗಿ ಕೂಗಿದರು.

"ಸ್ವಾಮಿ, ನಮ್ಮ ಊರಿನಲ್ಲಿ ನೀರು ಮೂವತ್ತೇಳು ಮೆಟ್ಟಿಲು ಏರಿದೆ!"

"ಸಾಧ್ಯವಿಲ್ಲ," ಎಂದ ಚಂದ್ರಪ್ಪ. "ನನ್ನ ಅಪ್ಪಣೆ ಮೊಣಕಾಲುದ್ದ."

"ತಾವೇ ಬಗ್ಗಿ ನೋಡಬಹುದಲ್ಲ?"

"ನೋಡಬೇಕಾಗಿಲ್ಲ. ನಾನು ಕಳಿಸುವುದು ಮೊಣಕಾಲುದ್ದ. ದಾರಿಯಲ್ಲಿ ನೀವು ಕೈಹಿಡಿದು ಎಳೆದುಕೊಂಡರೆ ಅದು ನನಗೆ ಸಂಬಂಧಿಸಿದ್ದಲ್ಲ."

"ಹಾಗಾದರೆ ಕಳಿಸುವುದನ್ನೇ ನಿಲ್ಲಿಸಿ ಸ್ವಾಮಿ."

"ಒಂದು ಊರಿಗೆ ನಿಲ್ಲಿಸಲು ಬರುವುದಿಲ್ಲ. ನಿಲ್ಲಿಸಿದರೆ ಮೂರಕ್ಕೂ ನಿಲ್ಲಬೇಕು. ಉಳಿದ ಇಬ್ಬರನ್ನೂ ಒಪ್ಪಿಸಿಕೊಂಡು ಬಾ. ಅಂದ ಹಾಗೆ," ಎಂದ ಚಂದ್ರಪ್ಪ, ಒಳ್ಳೆಯ ಸುದ್ದಿ ಹೇಳುವವನ ಹಾಗೆ, "ಬರುವ ಹುಣ್ಣಿಮೆಗೆ ಸೂರ್ಯನೂ ಕೈ ಹಾಕುತ್ತಾನೆ. ನಿಮಗೆ ಇನ್ನೂ ನಾಲ್ಕು ಮೆಟ್ಟಿಲು ಹೆಚ್ಚು."

ಮೂವತ್ತೇಳಕ್ಕೆ ನಾಲ್ಕು ಸೇರಿಸಿದರೆ ಎಷ್ಟು? ಗೌಡರೂ ಅದನ್ನೇ ಬೆರಳಿನಲ್ಲಿ ಎಣಿಸುತ್ತ ಗುಡ್ಡ ಇಳಿದರು. ನಲವತ್ತೊಂದನೆಯ ಮೆಟ್ಟಿಲು ಇರಲಿಲ್ಲ. ಅಲ್ಲಿ ಬಾವಿ ಇತ್ತು.

ಗೌಡರು ಮೊದಲು ಹರವಿನೂರಿಗೆ ಹೋದರು. ಅಲ್ಲಿ ಎಲ್ಲರೂ "ಬನ್ನಿ ಬನ್ನಿ" ಎಂದರು. ಮೊದಲ ಮನೆಯವರು ಬನ್ನಿ ಎಂದರು, ನೀರು ಪಕ್ಕದ ಮನೆಯವರು ಕೊಟ್ಟಿರಬೇಕು ಎಂದುಕೊಂಡರು. ಎರಡನೆಯ ಮನೆಯವರು ಬನ್ನಿ ಎಂದರು, ಅವರೂ ಹಾಗೇ ಎಂದುಕೊಂಡರು. ಏಳು ಹರದಾರಿ ಉದ್ದಕ್ಕೂ ಗೌಡರು ಬನ್ನಿ ಕೇಳುತ್ತ ಬಾಯಾರಿ ನಡೆದರು. ಕೊನೆಯ ಮನೆಯ ಮುದುಕಿಯ ಮುಂದೆ ಕುಸಿದು ಕುಳಿತು ಕೇಳಿದರು, "ನಿಮ್ಮಲ್ಲಿ ಸಮುದ್ರ ಎಷ್ಟು ಏರುತ್ತದೆ ಅಜ್ಜಿ?"

"ಮೊದಲು ಮೊಣಕಾಲಿನ ತನಕ ಬರುತ್ತಿದ್ದಳಪ್ಪ. ನಿಮ್ಮ ಊರಿನಲ್ಲಿ ಪಾಯಸ ಶುರುವಾದ ಮೇಲೆ ಇಲ್ಲಿಗೆ ಕಣಕಾಲಷ್ಟೇ. ಬರುತ್ತಾಳೆ, ಉದ್ದಕ್ಕೂ ನಡೆಯುತ್ತಾಳೆ, ಹೋಗುತ್ತಾಳೆ. ನಮಗೆ ಸಾಕು. ಮೀನು ಒಣಗಿಸಲು ಜಾಗ ಜಾಸ್ತಿಯಾಯಿತು. ನಿಲ್ಲಿಸುವುದು ಯಾಕೆ?"

ಅಲ್ಲಿಂದ ಬಾಗಿಲೂರಿಗೆ ಹೋದರು. ಹಿನ್ನೀರಿನ ಬಾಯಿಯಲ್ಲಿ ಊರಿನ ಕದ. ಕದ ನಾಲ್ಕು ಬೆರಳು ತೆರೆಯಿತು.

"ಯಾರು?"

"ನಾನು, ಕೊರಳೂರಿನ ದುಗ್ಗಪ್ಪ."

"ಯಾವ ದುಗ್ಗಪ್ಪ?"

"ಕೊರಳೂರಿನ ದುಗ್ಗಪ್ಪ ಮಾರಾಯ."

"ಕೊರಳೂರಿನಲ್ಲಿ ಯಾರ ಪೈಕಿ?"

ಮೂರು ತಲೆಮಾರು ಹೇಳಿ ಮುಗಿಸುವಷ್ಟರಲ್ಲಿ ಹೊತ್ತು ಇಳಿದಿತ್ತು. ಆಗ ಗೌಡರಿಗೆ ಅರ್ಥವಾಯಿತು, ಸಮುದ್ರವನ್ನೂ ಇವರು ಹೀಗೇ ವಿಚಾರಿಸುತ್ತಾರೆ, ಅವಳು ಯಾರೆಂದು ಹೇಳಿ ಮುಗಿಸುವಷ್ಟರಲ್ಲಿ ಅವಳು ಹಿಂದೆ ಹೋಗುವ ಹೊತ್ತಾಗಿರುತ್ತದೆ ಎಂದು. ಕದದ ಸಂದಿಯಿಂದ ಕೇಳಿದರು, "ನಿಮ್ಮಲ್ಲಿ ನೀರು ಎಷ್ಟು ಏರುತ್ತದೆ?"

"ಯಾಕೆ ಕೇಳುತ್ತೀ?" ಎಂದು ಕದ ಮುಚ್ಚಿಕೊಂಡಿತು.

ಗೌಡರು ಹಸಿದು, ಬಾಯಾರಿ, ಒಪ್ಪಿಗೆ ಇಲ್ಲದೆ ಊರಿಗೆ ಬಂದು ಮುಟ್ಟಿದಾಗ ಹುಣ್ಣಿಮೆಯ ಬೆಳಗಾಗಿತ್ತು. ಅಷ್ಟು ದಿನವೂ ಸಮುದ್ರ ಮೂವತ್ತೇಳನೆಯ ಮೆಟ್ಟಿಲಿನವರೆಗೇ ಬಂದು, ಕಾದು ಕುಳಿತು, ಹಿಂದೆ ಹೋಗಿದ್ದಳು. ಉಬ್ಬರ ನಡುಮಧ್ಯಾಹ್ನಕ್ಕೆ. ಸಾಮಾನು ಕಟ್ಟಿ ಎಂದರು. ಯಾರೂ ಎದುರು ಮಾತಾಡಲಿಲ್ಲ. ಒಬ್ಬರು ಒನಕೆ ಎತ್ತಿಕೊಂಡರು, ಒಬ್ಬರು ಒರಳು ಎತ್ತಲಾರದೆ ಅದರ ಪಕ್ಕ ಕುಳಿತು ಅತ್ತರು. ಹೆಂಗಸರು ಕೊನೆಯ ಸಲ ಎಂದು ಬಾವಿಯಿಂದ ಒಂದೊಂದು ಬಿಂದಿಗೆ ಸೇದಿಕೊಂಡರು. ಬೀರಕ್ಕನೂ ಸೇದಿದಳು. ಆ ಬಾವಿಯ ನೀರಿನಿಂದಲೇ ಅವಳು ಮದುವೆಯಾಗಿ ಬಂದ ದಿನ ಹೊಸ್ತಿಲ ಹೊರಗೆ ಕಾಲು ತೊಳೆಸಿದ್ದರು. ಬಗ್ಗಿ ನೋಡಿದಳು. ಒಳಗೆ ಅವಳದೇ ಮುಖ ಕಂಡಿತು, ಬಹಳ ಮುದುಕಿಯ ಹಾಗೆ.

"ನಾನೇ ಕರೆದದ್ದು," ಎಂದಳು. ಯಾರಿಗೂ ಕೇಳಿಸುವಂತೆ ಹೇಳಲಿಲ್ಲ.

ಮನೆಯಲ್ಲಿ ಉಳಿದಿದ್ದ ಅಕ್ಕಿ, ಒಂದು ತೆಂಗಿನಕಾಯಿ, ಒಂದಚ್ಚು ಬೆಲ್ಲ ಎಲ್ಲವನ್ನೂ ಬೀರಕ್ಕ ಸೆರಗಿಗೆ ಸುರಿದುಕೊಂಡಳು. ಚೀಲಗಳೆಲ್ಲ ಒದ್ದೆಯಾಗಿದ್ದವು. ಸೆರಗನ್ನು ಎರಡೂ ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತಲು ಹೋದಳು, ಒಂದು ಹತ್ತಿ ನಿಂತುಬಿಟ್ಟಳು.

ಮೇಲಿನಿಂದ ಗೌಡರು ಕೂಗಿದರು, "ಹತ್ತೇ! ಹೊತ್ತಾಯಿತು!"

"ಹೇಗೆ ಹತ್ತಲಿ? ಸೆರಗು ಬಿಟ್ಟರೆ ಅಕ್ಕಿ ಚೆಲ್ಲುತ್ತದೆ. ಹಿಡಿದರೆ ಸೀರೆ ಎತ್ತಿಕೊಳ್ಳಲು ಕೈಯಿಲ್ಲ, ನೆರಿಗೆ ಕಾಲಿಗೆ ಸಿಗುತ್ತದೆ. ಕೆಳಗೆ ಇಳಿ ಎಂದರೆ ಹೇಗಾದರೂ ಇಳಿದೇನು..."

ಅಷ್ಟು ಹೇಳಿದವಳು ಸುಮ್ಮನಾದಳು. ತನ್ನ ಸೆರಗನ್ನು ನೋಡಿಕೊಂಡಳು. ಅಕ್ಕಿ, ಕಾಯಿ, ಬೆಲ್ಲ.

ಕೇಳಿ, ಇಲ್ಲಿ ಒಂದು ವಿಷಯ ತಿಳಿದಿರಬೇಕು. ಕೊರಳೂರಿನಲ್ಲಿ ಯಾರಿಗೂ ಹೋಗು ಎನ್ನುವಂತಿಲ್ಲ. ಹಾಗಾದರೆ ತವರಿಗೆ ಬಂದ ಹೆಣ್ಣುಮಕ್ಕಳು ಹಿಂದೆ ಹೋಗುತ್ತಿದ್ದುದು ಹೇಗೆ? ತಾಯಿ ಮಡಿಲು ತುಂಬುತ್ತಿದ್ದಳು. ಅಕ್ಕಿ, ಕಾಯಿ, ಬೆಲ್ಲ, ವೀಳ್ಯದೆಲೆ, ಒಂದು ಕುಪ್ಪಸದ ಕಣ. ಮಡಿಲು ತುಂಬಿದ ಮೇಲೆ ಮಗಳು ಮತ್ತೆ ಒಳಗೆ ಕಾಲಿಡುವಂತಿಲ್ಲ, ಹಿಂದೆ ತಿರುಗಿ ನೋಡುವಂತಿಲ್ಲ, ಮಡಿಲಿನದು ಒಂದು ಕಾಳೂ ಚೆಲ್ಲುವಂತಿಲ್ಲ. ಹಾಗೇ ತನ್ನ ಮನೆಗೆ ಹೋಗಿ ಬಿಚ್ಚಬೇಕು. ಇದು ಆ ಊರಿನ ಪದ್ಧತಿ, ಮತ್ತು ಸಮುದ್ರ ಊರಿನ ಪದ್ಧತಿಗಳನ್ನು ಪೂರ್ತಿ ಕಲಿತಿದ್ದಳು.

ಮಧ್ಯಾಹ್ನವಾಯಿತು. ಸಮುದ್ರ ಬಂದಳು. ಹಬ್ಬದ ಗತ್ತಿನಲ್ಲಿ ಬಂದಳು, ನೊರೆಯ ಅಂಚಿನ ಸೀರೆ ಉಟ್ಟು ಬಂದಳು. ಮೂವತ್ತೇಳು ದಾಟಿದಳು. ಮೂವತ್ತೆಂಟು. ಮೂವತ್ತೊಂಬತ್ತು. ಸೆರಗಿನಲ್ಲಿದ್ದದ್ದನ್ನು ಮೊರಕ್ಕೆ ಸುರಿದು, ಗೌಡರಿಂದ ಮೇಲಕ್ಕೆ ಹೊರಿಸಿ, ನಲವತ್ತನೆಯ ಮೆಟ್ಟಿಲಿನಲ್ಲಿ ಬೀರಕ್ಕ ಒಬ್ಬಳೇ ನಿಂತಿದ್ದಳು. ಅವಳ ಬೆನ್ನಿಗೆ ಬಾವಿಕಟ್ಟೆ ತಾಗುತ್ತಿತ್ತು.

"ಏನು ದೊಡ್ಡಮ್ಮ, ಊರೆಲ್ಲ ಗಂಟುಮೂಟೆ ಕಟ್ಟಿದೆ? ಜಾತ್ರೆಗಾ?"

"ಅದಿರಲಿ ಮಗಳೇ. ಸೆರಗು ಒಡ್ಡು. ಮಡಿಲು ತುಂಬುತ್ತೇನೆ."

ಸಮುದ್ರ ನಿಂತಳು. ಮೇಲೇರುತ್ತಿದ್ದ ಅಲೆ ಏರಿದಲ್ಲೇ ನಿಂತಿತು.

"ಬೇಡ ದೊಡ್ಡಮ್ಮ, ಇದೆಲ್ಲ ಯಾಕೆ?" ಎಂದಳು, ನಾಚಿಕೊಂಡು.

"ಒಡ್ಡು."

"ಬೇಡ ದೊಡ್ಡಮ್ಮ, ನಾನೇನು ದೂರದವಳಾ?"

"ಒಡ್ಡು ಮಗಳೇ."

"ಬೇಡ..." ಎಂದಳು ಮೂರನೆಯ ಸಲ. ಅವಳ ದನಿ ಸಣ್ಣದಾಗಿತ್ತು. ಎಷ್ಟೋ ನದಿಗಳು ಅವಳಿಗೆ ನೀರು ತಂದುಕೊಟ್ಟಿದ್ದವು. ಮಡಿಲಿಗೆ ಅಕ್ಕಿ ಹಾಕಿದವರು ಯಾರೂ ಇರಲಿಲ್ಲ.

ಮೂರು ಬೇಡ ಆಯಿತು. ಬೀರಕ್ಕ ಐದು ಬೊಗಸೆ ಅಕ್ಕಿ ಹಾಕಿದಳು. ಕಾಯಿ ಇಟ್ಟಳು, ಬೆಲ್ಲ ಇಟ್ಟಳು, ಎಲೆ ಇಟ್ಟಳು. ಕುಪ್ಪಸದ ಕಣ ಇರಲಿಲ್ಲ. ಬಾವಿಕಟ್ಟೆಯ ಮರೆಯಲ್ಲಿ ನಿಂತಿದ್ದ ಗೌಡರ ಹೆಗಲ ಮೇಲಿನ ಹೊಸ ಪಂಚೆಯನ್ನು ಕೇಳದೆ ಎಳೆದು ಇಟ್ಟಳು. ಅರಿಸಿನ ಕುಂಕುಮ ಹಚ್ಚಿ, "ಜೋಪಾನವಾಗಿ ಹೋಗು. ಚೆಲ್ಲಬೇಡ," ಎಂದಳು.

ಸಮುದ್ರ ಎರಡೂ ಕೈಯಲ್ಲಿ ಸೆರಗು ಹಿಡಿದುಕೊಂಡಳು. ಇನ್ನು ಮೆಟ್ಟಿಲು ಹತ್ತುವುದು ಹೇಗೆ? ಕೈಯೇ ಇಲ್ಲವಲ್ಲ! ಇಳಿದಳು. ಮೂವತ್ತು ಇಳಿದಳು, ಇಪ್ಪತ್ತು ಇಳಿದಳು, ಹತ್ತು ಇಳಿದಳು. ಯಾವತ್ತೂ ನಿಲ್ಲುತ್ತಿದ್ದ ಜಾಗವನ್ನೂ ದಾಟಿ ಹೋದಳು, ಯಾಕೆಂದರೆ ಮಡಿಲು ಬಿಚ್ಚುವುದು ತನ್ನ ಮನೆಯಲ್ಲೇ, ಅದು ಬಹಳ ದೂರ. ಒಂದು ಸಲವೂ ಹಿಂದೆ ತಿರುಗಿ ನೋಡಲಿಲ್ಲ. ಸಂಜೆಯ ಹೊತ್ತಿಗೆ ಕೊಲ್ಲಿಯ ತಳವೆಲ್ಲ ಬರಿದಾಗಿ, ದೋಣಿಗಳು ಕಾವಿಗೆ ಕೂತ ಕೋಳಿಗಳ ಹಾಗೆ ಕೆಸರಿನಲ್ಲಿ ಕುಳಿತಿದ್ದವು.

ಬೀರಕ್ಕ ಬಾವಿಯಿಂದ ಒಂದು ಬಿಂದಿಗೆ ಸೇದಿ, ಬೊಗಸೆಯಲ್ಲಿ ಕುಡಿದು ನೋಡಿದಳು. ಆಮೇಲೆ ಊರಿಗೆಲ್ಲ ಒಂದೊಂದು ಬೊಗಸೆ ಕೊಟ್ಟಳು. ಸಿಹಿಯಾಗಿತ್ತು. ಒರಳಿನ ಪಕ್ಕ ಕುಳಿತು ಅತ್ತವರು ಒರಳನ್ನು ಇದ್ದಲ್ಲೇ ಬಿಟ್ಟು ಮನೆಗೆ ಹೋದರು.

ಕಥೆ ಮುಗಿ‍ಯಿತೆಂದು ಏಳಬೇಡಿ. ಮಡಿಲು ತುಂಬಿಸಿಕೊಂಡವಳು ಏನು ಮಾಡುತ್ತಾಳೆ? ತವರು ಇದೆ ಎಂದು ಗೊತ್ತಾದ ಮೇಲೆ ಅಲ್ಲಿಗೆ ಬಾರದೆ ಇರುತ್ತಾಳೆಯೇ? ಸಮುದ್ರ ಮನೆಗೆ ಹೋದಳು, ಅಕ್ಕಿ ಬಿಚ್ಚಿದಳು, ಸುತ್ತಮುತ್ತಲಿನ ಮೀನುಗಳಿಗೆಲ್ಲ ತೋರಿಸಿದಳು, ಮತ್ತೆ ಹೊರಟಳು. ಅರ್ಧ ದಿನ ತುಂಬುವಷ್ಟರಲ್ಲಿ ಕೆಳಗಿನ ಮೆಟ್ಟಿಲಿನಿಂದ "ದೊಡ್ಡಮ್ಮಾ!" ಎಂದು ಕೂಗು ಕೇಳಿಸಿತು.

ಗೌಡರು ತಲೆಯ ಮೇಲೆ ಕೈಹೊತ್ತರು. "ನೀನು ಅವಳನ್ನು ಕಳಿಸಿದ್ದಲ್ಲ ಮಾರಾಯ್ತಿ, ಕಾಯಂ ಮಾಡಿದ್ದು!"

"ಹೆಣ್ಣುಮಕ್ಕಳು ತವರಿಗೆ ಬಾರದೆ ಮತ್ತೆಲ್ಲಿಗೆ ಹೋಗಬೇಕು? ಹೋಗಿ ಕಾಯಿ ಕೀಳಿ," ಎಂದಳು ಬೀರಕ್ಕ.

ಅಂದಿನಿಂದ ಆ ಊರಿನಲ್ಲಿ ಸರದಿ ಶುರುವಾಯಿತು. ದಿನಕ್ಕೆ ಎರಡು ಉಬ್ಬರ, ಎರಡು ಮಡಿಲು. ಮೂವತ್ತೆಂಟನೆಯ ಮೆಟ್ಟಿಲಿನಲ್ಲಿ ಒಬ್ಬ ಮುತ್ತೈದೆ ಅಕ್ಕಿ ಕಾಯಿ ಹಿಡಿದು ನಿಂತಿರಬೇಕು. ಹೆಸರಿಗೆ ಕಷ್ಟ, ನಿಜಕ್ಕೆ ಅಷ್ಟೇನೂ ಇರಲಿಲ್ಲ. ಸಮುದ್ರ ಹೋದ ಮೇಲೆ ಬರಿದಾದ ಕೊಲ್ಲಿಯಲ್ಲಿ ಊರಿನವರು ಬುಟ್ಟಿ ಹಿಡಿದು ಏಡಿ, ಕಪ್ಪೆಚಿಪ್ಪು ಆರಿಸುತ್ತಿದ್ದರು. ಆರಿಸುತ್ತ ದುಗ್ಗಪ್ಪ ಗೌಡರು ಮೂರು ಸಲ ಕೆಮ್ಮಿ, ಇದೆಲ್ಲ ತಾವು ಮೊದಲೇ ಯೋಚಿಸಿ ಮಾಡಿದ್ದು ಎಂದು ಹೇಳುತ್ತಿದ್ದರು. ಊರು ಹೌದು ಹೌದು ಎನ್ನುತ್ತಿತ್ತು, ಅದೂ ಒಂದು ಉಪಚಾರ.

ಹೇಳುವವನ ನಾಲಿಗೆಗೆ ಇಳಿತ ಬಂತು. ಕೇಳುವವರು ಕಾಲು ಬಿಡಿಸಿಕೊಂಡು ಏಳಬಹುದು.

ಚಂದ್ರಪ್ಪನ ಅಪ್ಪಣೆ ಬದಲಾಗಿಲ್ಲ. ಅದು ಈಗಲೂ ಮೂರೂ ಊರಿಗೆ ಮೊಣಕಾಲುದ್ದವೇ. ಹರವಿನೂರಿನಲ್ಲಿ ನೀರು ಕಣಕಾಲಿನವರೆಗೆ ಏರುತ್ತದೆ. ಬಾಗಿಲೂರಿನಲ್ಲಿ ನಾಲ್ಕು ಬೆರಳು. ಕೊರಳೂರಿನಲ್ಲಿ ಮೂವತ್ತೆಂಟು ಮೆಟ್ಟಿಲು.